ಝೆರಾಕ್ಸ್ ಮಷೀನಿಗಾಗಿ ಒಂದು ಟಿಕ್

ಆಫೀಸಿಗೆ ಹೊಸ ಕಂಪ್ಯೂಟರ್ ಬಂದ ವಾರ ಒಂದು ದೂರು ಖಾಯಂ. ‘ಝೆರಾಕ್ಸ್ ಮಷೀನಿನಲ್ಲಿ ಸ್ಕ್ಯಾನ್ ಒತ್ತಿದರೆ ಫೈಲು ಕಂಪ್ಯೂಟರಿಗೆ ಬರ್ತಾನೇ ಇಲ್ಲ, ಹಳೇದರಲ್ಲಿ ಚೆನ್ನಾಗಿ ಬರ್ತಿತ್ತು.’ ಸರ್ವಿಸ್ ಹುಡುಗನಿಗೆ ಫೋನ್ ಹೋಗುತ್ತದೆ. ಅವನು ಬಂದು ಕಂಟ್ರೋಲ್ ಪ್ಯಾನೆಲ್ ತೆರೆದು, ವಿಂಡೋಸ್ ಫೀಚರ್‌ಗಳ ಉದ್ದನೆಯ ಪಟ್ಟಿಯಲ್ಲಿ ‘ಎಸ್‌ಎಂಬಿ 1.0/ಸಿಐಎಫ್‌ಎಸ್ ಫೈಲ್ ಶೇರಿಂಗ್ ಸಪೋರ್ಟ್’ ಎಂಬ ಸಾಲು ಹುಡುಕಿ, ಅದರ ಮುಂದೆ ಟಿಕ್ ಹಾಕಿ ರೀಸ್ಟಾರ್ಟ್ ಮಾಡುತ್ತಾನೆ. ಸ್ಕ್ಯಾನ್ ಬರತೊಡಗುತ್ತದೆ. ಸರ್ವಿಸ್ ಚಾರ್ಜ್ ತೆಗೆದುಕೊಂಡು ಹೊರಡುತ್ತಾನೆ. ಎಲ್ಲರಿಗೂ ಸಮಾಧಾನ.

ಆ ಸಾಲಿನ ಎಡಕ್ಕಿರುವ ಕೂಡಿಸುವ ಚಿಹ್ನೆಯನ್ನು ಒತ್ತಿದರೆ ಕೆಳಗೆ ಮೂರು ಮರಿಸಾಲುಗಳು ಕಾಣುತ್ತವೆ: ಕ್ಲೈಂಟ್, ಸರ್ವರ್, ಆಟೋಮ್ಯಾಟಿಕ್ ರಿಮೂವಲ್. ಮೂರನೆಯದು ಮೈಕ್ರೋಸಾಫ್ಟ್ ಮಾಡಿಟ್ಟ ಮುನ್ನೆಚ್ಚರಿಕೆ. ಹದಿನೈದು ದಿನ ಯಾರೂ ಬಳಸದಿದ್ದರೆ ಈ ಹಳೆಯ ಸೌಲಭ್ಯವನ್ನು ವಿಂಡೋಸ್ ತಾನೇ ಕಿತ್ತುಹಾಕುತ್ತದೆ. ಅನುಭವಸ್ಥ ಸರ್ವಿಸ್ ಹುಡುಗ ಅದೊಂದರ ಟಿಕ್ ಮಾತ್ರ ತೆಗೆಯುತ್ತಾನೆ. ಮತ್ತೆ ಫೋನ್ ಬರಬಾರದಲ್ಲ! ಸರ್ವರ್ ಎಂಬುದಕ್ಕೆ ಟಿಕ್ ಬೇಕೇ ಬೇಕು, ಏಕೆಂದರೆ ಇಲ್ಲಿ ಫೈಲು ಕಳಿಸುವುದು ಮಷೀನು, ತೆಗೆದುಕೊಳ್ಳುವುದು ಕಂಪ್ಯೂಟರು. ಅಂದರೆ ಅಕೌಂಟೆಂಟರ ಮೇಜಿನ ಮೇಲಿರುವ ಆ ಪೆಟ್ಟಿಗೆ ಈಗ ಸರ್ವರ್ ಆಯಿತು. ನೆಟ್‌ವರ್ಕಿನಲ್ಲಿ ಯಾರು ಎಸ್‌ಎಂಬಿಯ ಮೊದಲನೇ ಆವೃತ್ತಿಯಲ್ಲಿ ಮಾತಾಡಿಸಿದರೂ ಅದು ಓಗೊಡುತ್ತದೆ. ಮಾತಾಡಿಸಿದ್ದು ಝೆರಾಕ್ಸ್ ಮಷೀನೇ ಆಗಿರಬೇಕೆಂದೇನೂ ಇಲ್ಲ.

ಎಸ್‌ಎಂಬಿ ಎಂದರೆ ಸರ್ವರ್ ಮೆಸೇಜ್ ಬ್ಲಾಕ್. ಒಂದು ಕಂಪ್ಯೂಟರಿನ ಫೋಲ್ಡರನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಕೂತು ತೆರೆಯಲು, ಫೈಲು ತಿದ್ದಲು, ಪ್ರಿಂಟ್ ಕೊಡಲು ಎರಡೂ ಕಡೆ ಪಾಲಿಸಬೇಕಾದ ಕಟ್ಟಳೆ. ಐಬಿಎಂನ ಬ್ಯಾರಿ ಫೈಗೆನ್‌ಬಾಮ್ ಇದನ್ನು ರೂಪಿಸಿದ್ದು 1980ರ ದಶಕದ ಆರಂಭದಲ್ಲಿ. ಆಮೇಲೆ ಮೈಕ್ರೋಸಾಫ್ಟ್ ಇದನ್ನು ತನ್ನ ಲ್ಯಾನ್ ಮ್ಯಾನೇಜರ್‌ಗೆ ತೆಗೆದುಕೊಂಡು ಬೆಳೆಸಿತು. 1996ರಲ್ಲಿ ಸಿಐಎಫ್‌ಎಸ್ ಎಂದು ಮರುನಾಮಕರಣವನ್ನೂ ಮಾಡಿತು. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಆಂಡ್ರ್ಯೂ ಟ್ರಿಜೆಲ್ ಎಂಬ ವಿದ್ಯಾರ್ಥಿ ತಂತಿಯ ಮೇಲೆ ಓಡಾಡುವ ಸಂದೇಶಗಳನ್ನೇ ಗಮನಿಸಿ ಬರೆಯತೊಡಗಿದ ಪ್ರೋಗ್ರಾಂ ‘ಸಾಂಬಾ’ ಆಗಿ ಯೂನಿಕ್ಸ್, ಲಿನಕ್ಸ್‌ಗಳಿಗೂ ಈ ಕಟ್ಟಳೆಯನ್ನು ಕಲಿಸಿತು. ಇಂದು ಆಫೀಸಿನ ಮೂಲೆಯಲ್ಲಿ ಕೂತು ಎಲ್ಲರ ಫೈಲುಗಳನ್ನೂ ಇಟ್ಟುಕೊಳ್ಳುವ ಬಹುಪಾಲು ಎನ್‌ಎಎಸ್ ಪೆಟ್ಟಿಗೆಗಳೊಳಗೆ ಇರುವುದು ಅದೇ ಸಾಂಬಾ.

ಐಬಿಎಂನ ಆ ಕಾಲದ ನೆಟ್‌ವರ್ಕ್ ಎಂದರೆ ಒಂದು ಮಹಡಿಯಲ್ಲಿ ಕೇಬಲ್ ಎಳೆದು ಜೋಡಿಸಿದ ಕೆಲವು ಪಿಸಿಗಳು. ಎಲ್ಲರಿಗೂ ಎಲ್ಲರ ಪರಿಚಯ. ಫೈಲು ಸಾಗುವಾಗ ಯಾರಾದರೂ ಓದಿಯಾರು, ಮಧ್ಯೆ ಕೂತು ತಿದ್ದಿಯಾರು ಎಂದು ಲೆಕ್ಕ ಹಾಕುವ ಅಗತ್ಯವೇ ಇರಲಿಲ್ಲ. ಹಾಗಾಗಿ ಎಸ್‌ಎಂಬಿ 1ರಲ್ಲಿ ಗುಪ್ತೀಕರಣ ಇಲ್ಲ. ಹೋಗುವುದೆಲ್ಲ ಬಿಚ್ಚಿಟ್ಟ ಕಾಗದದಂತೆಯೇ ಹೋಗುತ್ತದೆ. ಸಂದೇಶವನ್ನು ದಾರಿಯಲ್ಲಿ ಯಾರೂ ತಿದ್ದಿಲ್ಲ ಎಂದು ತೋರಿಸುವ ಸಹಿಯನ್ನು ಆಮೇಲೆ ಸೇರಿಸಿದರು. ಆದರೆ ಅದು ನಿಂತಿರುವುದು ಎಂಡಿ5 ಎಂಬ, ಭದ್ರತೆಯ ಲೋಕ ಎಂದೋ ಕೈಬಿಟ್ಟ ಲೆಕ್ಕಾಚಾರದ ಮೇಲೆ. ಅದೂ ಹೆಚ್ಚಿನ ಕಡೆ ಆನ್ ಆಗಿರುತ್ತಿರಲಿಲ್ಲ. ಒಬ್ಬರ ಲಾಗಿನ್ ಮಾತುಕತೆಯನ್ನು ಮಧ್ಯದಲ್ಲಿ ಹಿಡಿದು ಬೇರೆ ಕಂಪ್ಯೂಟರಿಗೆ ದಾಟಿಸಿ ಒಳನುಗ್ಗುವ ವಿದ್ಯೆಯನ್ನು ‘ಸರ್ ಡಿಸ್ಟಿಕ್’ ಎಂಬ ಅಡ್ಡಹೆಸರಿನ ಹ್ಯಾಕರ್ 2001ರಲ್ಲೇ ಬಹಿರಂಗವಾಗಿ ಮಾಡಿ ತೋರಿಸಿದ. ಅದರ ಒಂದು ಬಗೆಗೆ ಮೈಕ್ರೋಸಾಫ್ಟ್ ಪ್ಯಾಚ್ ಕೊಟ್ಟದ್ದು 2008ರ ನವೆಂಬರ್‌ನಲ್ಲಿ. ತಡವೇಕೆಂದರೆ, ಬೇಗ ಮುಚ್ಚಿದ್ದರೆ ಆಗ ಜನ ಬಳಸುತ್ತಿದ್ದ ಎಷ್ಟೋ ಪ್ರೋಗ್ರಾಂಗಳು ನಿಂತುಹೋಗುತ್ತಿದ್ದವಂತೆ. ಈ ವಾದವನ್ನು ನೆನಪಿಡಿ, ಇಡೀ ಕಥೆಯ ಬೆನ್ನುಮೂಳೆ ಅದೇ.

2006ರ ಕೊನೆಗೆ ವಿಂಡೋಸ್ ವಿಸ್ತಾ ಜೊತೆ ಎಸ್‌ಎಂಬಿ 2 ಬಂತು. ವಿಸ್ತಾವನ್ನು ಬೈಯದವರಿಲ್ಲ. ಆದರೂ ಈ ಒಂದು ಕೆಲಸಕ್ಕೆ ಅದನ್ನು ಮೆಚ್ಚಬೇಕು. ಮೊದಲನೇ ಆವೃತ್ತಿಯಲ್ಲಿ ವರ್ಷ ವರ್ಷವೂ ಸೇರಿಸುತ್ತ ಹೋದ ಆದೇಶ, ಉಪಾದೇಶಗಳು ನೂರು ದಾಟಿದ್ದವು. ಎರಡನೆಯದರಲ್ಲಿ ಅವನ್ನು ಹತ್ತೊಂಬತ್ತಕ್ಕೆ ಇಳಿಸಿದರು. 2012ರಲ್ಲಿ ಬಂದ ಎಸ್‌ಎಂಬಿ 3 ಗುಪ್ತೀಕರಣ ತಂದಿತು. ವಿಂಡೋಸ್ 10ರ ಜೊತೆ ಬಂದ 3.1.1 ಇನ್ನೂ ಒಂದು ಸೂಕ್ಷ್ಮವನ್ನು ಸರಿಪಡಿಸಿತು. ಎರಡು ಕಂಪ್ಯೂಟರ್‌ಗಳು ಮೊದಲು ಮಾತಿಗೆ ತೊಡಗುವಾಗ ತಮಗೆ ಯಾವ ಯಾವ ಆವೃತ್ತಿ ಬರುತ್ತದೆಂದು ಹೇಳಿಕೊಂಡು, ಇಬ್ಬರಿಗೂ ಬರುವ ಅತಿ ಹೊಸದನ್ನು ಆರಿಸಿಕೊಳ್ಳುತ್ತವೆ. ಮಧ್ಯೆ ಕೂತ ಕಳ್ಳ ಈ ಪಟ್ಟಿಯನ್ನೇ ತಿದ್ದಿ ‘ನನಗೆ ಹಳೆಯದೊಂದೇ ಬರುತ್ತದೆ’ ಎಂದು ಹೇಳಿಸಬಲ್ಲ. 3.1.1ರಲ್ಲಿ ಈ ಮೊದಲ ಮಾತುಗಳಿಗೂ ಗಣಿತದ ಮುದ್ರೆ ಬೀಳುವುದರಿಂದ ತಿದ್ದಿದರೆ ಸಿಕ್ಕಿಬೀಳುತ್ತದೆ.

ಆದರೆ ಎರಡೂ ಕಡೆ ಎಸ್‌ಎಂಬಿ 1 ಆನ್ ಆಗಿದ್ದರೆ ಈ ಕಾವಲು ಉಪಯೋಗಕ್ಕಿಲ್ಲ. ಕಳ್ಳ ಹೊಸ ಆವೃತ್ತಿಗಳ ಮಾತೇ ಎತ್ತದಂತೆ ಮಾಡಿ ಸೀದಾ ಮೊದಲನೆಯದಕ್ಕೆ ಇಳಿಸುತ್ತಾನೆ. ಅಲ್ಲಿ ಮುದ್ರೆಯೂ ಇಲ್ಲ, ಗುಪ್ತೀಕರಣವೂ ಇಲ್ಲ. ‘ನಮ್ಮದು ಹೊಸ ವಿಂಡೋಸ್, ಹಳೆಯದು ಸುಮ್ಮನೆ ಒಂದು ಮಷೀನಿಗೋಸ್ಕರ ಇದೆ’ ಎನ್ನುವವರು ಗಮನಿಸಬೇಕಾದ್ದು ಇದನ್ನೇ. ಯಾವ ಆವೃತ್ತಿಯಲ್ಲಿ ಮಾತಾಡಬೇಕೆಂಬ ಆಯ್ಕೆ ಆಗ ನಿಮ್ಮ ಕೈಯಲ್ಲಿರುವುದಿಲ್ಲ.

ಮೈಕ್ರೋಸಾಫ್ಟ್‌ನಲ್ಲಿ ಈ ವಿಭಾಗ ನೋಡಿಕೊಳ್ಳುತ್ತಿದ್ದ ನೆಡ್ ಪೈಲ್ 2016ರ ಸೆಪ್ಟೆಂಬರ್‌ನಲ್ಲಿ ಎಸ್‌ಎಂಬಿ 1 ಬಳಸುವುದನ್ನು ನಿಲ್ಲಿಸಿ ಎಂದು ಬಹಿರಂಗವಾಗಿ ಬರೆದರು. ಒಂದು ಕಂಪನಿಯ ಅಧಿಕಾರಿ ತನ್ನದೇ ಕಂಪನಿಯ ವಸ್ತುವಿನ ಬಗ್ಗೆ ಹೀಗೆ ಗೋಗರೆಯುವುದು ಅಪರೂಪ. ಕೇಳಿದವರು ಕಡಿಮೆ. ಎಂಟು ತಿಂಗಳೊಳಗೆ ಕೇಳಲೇಬೇಕಾಯಿತು.

2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ಎಂಎಸ್17-010 ಎಂಬ ಪ್ಯಾಚ್ ಬಿಡುಗಡೆ ಮಾಡಿತು. ಸರಿಯಾಗಿ ಒಂದು ತಿಂಗಳಿಗೆ, ಏಪ್ರಿಲ್ 14ರಂದು, ‘ಶ್ಯಾಡೋ ಬ್ರೋಕರ್ಸ್’ ಎಂದು ಕರೆದುಕೊಳ್ಳುತ್ತಿದ್ದ ಗುಂಪೊಂದು ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎಯದು ಎನ್ನಲಾದ ಹ್ಯಾಕಿಂಗ್ ಸಾಮಗ್ರಿಯನ್ನು ಅಂತರ್ಜಾಲಕ್ಕೆ ಸುರಿಯಿತು. ಅದರಲ್ಲಿ ‘ಎಟರ್ನಲ್‌ಬ್ಲೂ’ ಎಂಬುದೊಂದಿತ್ತು. ಯಾವ ಪಾಸ್‌ವರ್ಡೂ ಇಲ್ಲದೆ, ಕಂಪ್ಯೂಟರಿನ ಮುಂದೆ ಕೂತವರು ಏನನ್ನೂ ಕ್ಲಿಕ್ ಮಾಡದೆ, ಎಸ್‌ಎಂಬಿ 1ಕ್ಕೆ ಓಗೊಡುವ ವಿಂಡೋಸ್ ಯಂತ್ರವೊಂದರ ಹೃದಯಕ್ಕೇ ಇಳಿಯುವ ಉಪಾಯ ಅದು.

ಅದು ಹೊಕ್ಕ ಬಿರುಕು ಎಲ್ಲಿತ್ತೆಂದು ನೋಡಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. 1987ರಲ್ಲಿ ಐಬಿಎಂ ಮತ್ತು ಮೈಕ್ರೋಸಾಫ್ಟ್ ಸೇರಿ ಓಎಸ್/2 ಎಂಬ ಕಾರ್ಯಾಚರಣೆ ವ್ಯವಸ್ಥೆಯನ್ನು ತಂದವು. ಮುಂದೆ ಇಬ್ಬರೂ ಬೇರೆಯಾದರು, ವಿಂಡೋಸ್ ಗೆದ್ದಿತು, ಓಎಸ್/2 ಮೂಲೆ ಸೇರಿತು. ಆದರೆ ಓಎಸ್/2 ಯಂತ್ರಗಳು ಫೈಲಿನ ಜೊತೆಗೆ ಕಳಿಸುತ್ತಿದ್ದ ಹೆಚ್ಚುವರಿ ವಿವರಗಳ ಪಟ್ಟಿಯನ್ನು ವಿಂಡೋಸ್‌ನ ರೂಪಕ್ಕೆ ಬದಲಿಸುವ ಒಂದು ತುಣುಕು ಕೋಡ್ ಎಸ್‌ಎಂಬಿ 1ರ ಸರ್ವರ್‌ನಲ್ಲಿ ಹಾಗೇ ಉಳಿದುಕೊಂಡಿತ್ತು. ಬಂದ ಪಟ್ಟಿಯಲ್ಲಿ ಸರಿಯಿಲ್ಲದ ನಮೂದು ಕಂಡರೆ ಅದು ಪಟ್ಟಿಯ ಉದ್ದವನ್ನು ಕಡಿತ ಮಾಡಿ ಬರೆದುಕೊಳ್ಳಬೇಕು. ಉದ್ದವನ್ನು ಇಡುತ್ತಿದ್ದದ್ದು 32 ಬಿಟ್‌ಗಳ ಜಾಗದಲ್ಲಿ, ತಿದ್ದುತ್ತಿದ್ದದ್ದು ಕೆಳಗಿನ 16 ಬಿಟ್‌ಗಳನ್ನು ಮಾತ್ರ. ಚೆಕ್ಕಿನಲ್ಲಿ 1,00,000 ಎಂದಿರುವುದನ್ನು 99,000 ಎಂದು ತಿದ್ದಲು ಹೊರಟವರು ಮೊದಲಿನ ಒಂದನ್ನು ಹೊಡೆದುಹಾಕುವುದನ್ನೇ ಮರೆತರೆ ಅದು 1,99,000 ಆಗುತ್ತದಲ್ಲ, ಹಾಗೆ. ಚಿಕ್ಕದಾಗಬೇಕಿದ್ದ ಅಳತೆ ದೊಡ್ಡದಾಯಿತು. ಚಿಕ್ಕ ಜಾಗ ಕಾದಿರಿಸಿ ಅದಕ್ಕೆ ದೊಡ್ಡ ಪಟ್ಟಿ ಸುರಿದಾಗ ಉಕ್ಕಿದ್ದು ಪಕ್ಕದ ಮೆಮೊರಿಯ ಮೇಲೆ ಚೆಲ್ಲಿತು. ಏನು ಚೆಲ್ಲಬೇಕೆಂಬುದನ್ನು ದಾಳಿಕೋರನೇ ನಿರ್ಧರಿಸಬಹುದಿತ್ತು, ಅದೂ ವಿಂಡೋಸಿನ ಹೃದಯವಾದ ಕರ್ನೆಲ್ಲಿನೊಳಗೆ.

ಇಷ್ಟು ಉದ್ದದ ಪಟ್ಟಿಯನ್ನು ಕಳಿಸಲು ಆ ಆದೇಶಕ್ಕೆ ಅವಕಾಶವಿರಲಿಲ್ಲ. ಆದರೆ ಅದೇ ಕೆಲಸದ ಇನ್ನೊಂದು ಆದೇಶಕ್ಕೆ ಇತ್ತು. ಒಂದು ಆದೇಶದಲ್ಲಿ ಶುರುಮಾಡಿ ಇನ್ನೊಂದರಲ್ಲಿ ಮುಗಿಸಿದರೆ ಸರ್ವರ್ ಅದನ್ನು ಪರೀಕ್ಷಿಸುತ್ತಲೇ ಇರಲಿಲ್ಲ. ನೂರಕ್ಕೂ ಹೆಚ್ಚು ಆದೇಶಗಳಿದ್ದಾಗ ಯಾವುದು ಯಾವುದರ ಜೊತೆ ಸೇರಿದರೆ ಏನಾಗುತ್ತದೆಂದು ಬರೆದವರಿಗೇ ಗೊತ್ತಿರುವುದಿಲ್ಲ. ಇಪ್ಪತ್ತು ವರ್ಷಗಳಿಂದ ಹೆಚ್ಚುಕಡಿಮೆ ಯಾರೂ ಬಳಸದ ವ್ಯವಸ್ಥೆಯೊಂದಕ್ಕಾಗಿ ಉಳಿಸಿಕೊಂಡ ಕೋಡು ಲಕ್ಷಾಂತರ ಕಂಪ್ಯೂಟರ್‌ಗಳಲ್ಲಿ ಹಗಲೂ ರಾತ್ರಿ ಎಚ್ಚರವಾಗಿ ಕಾಯುತ್ತಿತ್ತು.

ಮೇ 12, ಶುಕ್ರವಾರ. ‘ವನ್ನಾಕ್ರೈ’ ಹೊರಬಿತ್ತು. ಫೈಲುಗಳಿಗೆ ಬೀಗ ಹಾಕಿ 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಕೇಳುವ ರ‍್ಯಾನ್ಸಮ್‌ವೇರ್‌ಗಳು ಅದಕ್ಕೂ ಮೊದಲು ಬೇಕಾದಷ್ಟಿದ್ದವು. ಇದು ಬೇರೆಯಾದದ್ದು ಎಟರ್ನಲ್‌ಬ್ಲೂವನ್ನು ಬೆನ್ನಿಗೆ ಕಟ್ಟಿಕೊಂಡಿದ್ದರಿಂದ. ಒಂದು ಕಂಪ್ಯೂಟರ್ ಹೊಕ್ಕರೆ ಅಲ್ಲಿಂದ ಪಕ್ಕದ್ದು, ಅದರ ಪಕ್ಕದ್ದು. ಯಾವ ಈಮೇಲೂ ಬೇಕಿರಲಿಲ್ಲ. ವಾರಾಂತ್ಯ ಮುಗಿಯುವಷ್ಟರಲ್ಲಿ 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳು ಸೋಂಕಿಗೆ ಸಿಕ್ಕಿದವೆಂದು ಯೂರೋಪಿನ ಪೊಲೀಸ್ ಸಂಸ್ಥೆ ಯೂರೋಪೋಲ್ ಲೆಕ್ಕ ಕೊಟ್ಟಿತು. ಮಾರ್ಕಸ್ ಹಚಿನ್ಸ್ ಎಂಬ ಬ್ರಿಟಿಷ್ ತರುಣ ವೈರಸ್ಸಿನೊಳಗಿದ್ದ ವಿಚಿತ್ರ ವೆಬ್ ವಿಳಾಸವೊಂದನ್ನು ಹನ್ನೊಂದು ಡಾಲರ್‌ಗೂ ಕಡಿಮೆ ಖರ್ಚಿನಲ್ಲಿ ತನ್ನ ಹೆಸರಿಗೆ ನೋಂದಾಯಿಸಿದ್ದೇ ಅದರ ಓಟ ನಿಂತಿತು. ಆ ವಿಳಾಸ ಜೀವಂತವಾಗಿದ್ದರೆ ಸುಮ್ಮನಿರಬೇಕೆಂದು ಅದಕ್ಕೆ ಬರೆದಿಟ್ಟಿದ್ದರು. ಇಲ್ಲದಿದ್ದರೆ ಲೆಕ್ಕ ಎಲ್ಲಿಗೆ ಹೋಗುತ್ತಿತ್ತೋ.

ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಿಗೆ ಬಿದ್ದ ಏಟಿನ ಬಗ್ಗೆ ಅಲ್ಲಿನ ಲೆಕ್ಕಪರಿಶೋಧನಾ ಸಂಸ್ಥೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ವರದಿ ಕೊಟ್ಟಿತು. ಅಲ್ಲಿನ 236 ಆಸ್ಪತ್ರೆ ಟ್ರಸ್ಟ್‌ಗಳಲ್ಲಿ ಕನಿಷ್ಠ 81ಕ್ಕೆ ತೊಂದರೆ. ಒಟ್ಟು 19,000ಕ್ಕೂ ಹೆಚ್ಚು ರೋಗಿಗಳ ಸರದಿ ರದ್ದಾಗಿರಬಹುದೆಂಬ ಅಂದಾಜು. ಸೋಂಕಿಗೆ ಸಿಕ್ಕ ಸಂಸ್ಥೆಗಳೆಲ್ಲವೂ ಪ್ಯಾಚ್ ಹಾಕದ ಅಥವಾ ಕಂಪನಿ ಕೈಬಿಟ್ಟಿದ್ದ ವಿಂಡೋಸ್ ಇಟ್ಟುಕೊಂಡಿದ್ದವು. ನಮ್ಮಲ್ಲಿಯೂ ಆಂಧ್ರಪ್ರದೇಶದ ಪೊಲೀಸ್ ಕಂಪ್ಯೂಟರ್‌ಗಳು, ಕೇರಳದ ಗ್ರಾಮ ಪಂಚಾಯಿತಿ ಕಚೇರಿಗಳು, ಚೆನ್ನೈ ಹತ್ತಿರದ ರೆನೋ-ನಿಸ್ಸಾನ್ ಕಾರು ಕಾರ್ಖಾನೆ ಬಿಸಿ ಅನುಭವಿಸಿದವು.

ಪ್ಯಾಚ್ ಎರಡು ತಿಂಗಳ ಮೊದಲೇ ಬಂದಿತ್ತಲ್ಲ, ಹಾಕಿಕೊಂಡಿದ್ದರೆ ಮುಗಿಯಿತಲ್ಲ, ಪ್ರೋಟೊಕಾಲ್ ಏಕೆ ತೆಗೆಯಬೇಕು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಜೂನ್ 27ರಂದು ಉಕ್ರೇನಿನ ತೆರಿಗೆ ಲೆಕ್ಕದ ತಂತ್ರಾಂಶವೊಂದರ ಅಪ್‌ಡೇಟ್ ಮೂಲಕ ಹೊರಟ ‘ನಾಟ್‌ಪೆಟ್ಯಾ’ ಇದಕ್ಕೆ ಅರ್ಧ ಉತ್ತರ ಕೊಟ್ಟಿತು. ಅದರಲ್ಲೂ ಎಟರ್ನಲ್‌ಬ್ಲೂ ಇತ್ತು. ಜೊತೆಗೆ ಮೊದಲು ಸಿಕ್ಕ ಕಂಪ್ಯೂಟರಿನ ಮೆಮೊರಿಯಿಂದ ಪಾಸ್‌ವರ್ಡ್ ಕದ್ದು, ಅದೇ ಪಾಸ್‌ವರ್ಡಿನಿಂದ ಪ್ಯಾಚ್ ಹಾಕಿದ್ದ ಕಂಪ್ಯೂಟರ್‌ಗಳಿಗೂ ಹೋಗುತ್ತಿತ್ತು. ಪ್ಯಾಚ್ ಇಲ್ಲದ ಒಂದೇ ಒಂದು ಯಂತ್ರ ಸಾಕು, ಉಳಿದವಕ್ಕೆ ಅದೇ ದಾರಿ. ಹಡಗು ಕಂಪನಿ ಮಾರ್ಸ್ಕ್ ಹತ್ತು ದಿನಗಳಲ್ಲಿ 45,000 ಪಿಸಿ, 4,000 ಸರ್ವರ್‌ಗಳಿಗೆ ಎಲ್ಲವನ್ನೂ ಹೊಸದಾಗಿ ತುಂಬಬೇಕಾಯಿತೆಂದು ಅದರ ಅಧ್ಯಕ್ಷರೇ ಆಮೇಲೆ ಹೇಳಿದರು. ಅದೇ ಬಳಗದವರು ನಡೆಸುತ್ತಿದ್ದ ನವಿ ಮುಂಬಯಿಯ ಜೆಎನ್‌ಪಿಟಿ ಬಂದರಿನ ಟರ್ಮಿನಲ್ಲಿನಲ್ಲಿ ಕಂಟೇನರ್ ಕೆಲಸ ಅಸ್ತವ್ಯಸ್ತವಾಯಿತು.

ಉತ್ತರದ ಇನ್ನರ್ಧ ಹೀಗಿದೆ. ಪ್ಯಾಚ್ ಮುಚ್ಚುವುದು ಕಂಡುಹಿಡಿದ ತೂತನ್ನು. ಎಸ್‌ಎಂಬಿ 1ರಲ್ಲಿ ಗುಪ್ತೀಕರಣ ಇಲ್ಲದಿರುವುದು ತೂತಲ್ಲ, ಅದರ ಹುಟ್ಟುಗುಣ. ಅದಕ್ಕೆ ಪ್ಯಾಚ್ ಬರುವುದಿಲ್ಲ. ಹಾಗೆಂದು ಹೊಸದೆಲ್ಲ ಭದ್ರ ಎಂದು ನಾನು ಹೇಳಲಾರೆ. 2020ರ ಮಾರ್ಚ್‌ನಲ್ಲಿ ‘ಎಸ್‌ಎಂಬಿಘೋಸ್ಟ್’ ಎಂಬ ಘೋರ ದೋಷ ಸಿಕ್ಕಿದ್ದು ಅತಿ ಹೊಸದಾದ 3.1.1ರಲ್ಲೇ. ಆದರೆ ಅದು ಇಂದಿಗೂ ದಿನ ನೋಡಿಕೊಳ್ಳುವ ಎಂಜಿನಿಯರ್‌ಗಳಿರುವ ಕೋಡು. ದಿನಗಳಲ್ಲೇ ಸರಿಪಡಿಸಿದರು. ಮೊದಲನೆಯದನ್ನು ಬರೆದವರು ನಿವೃತ್ತರಾಗಿರುವ ವಯಸ್ಸು.

ಹಾಗಾದರೆ ಇನ್ನೂ ಏಕೆ ಉಳಿದಿದೆ? ಸರ್ವಿಸ್ ಹುಡುಗನನ್ನು ದೂರುವುದು ಸುಲಭ, ನನಗೆ ಅದು ಸರಿ ಕಾಣುವುದಿಲ್ಲ. ಅವನಿಗೆ ಕೊಟ್ಟ ಕೆಲಸ ಸ್ಕ್ಯಾನ್ ಬರಿಸುವುದು, ಬರಿಸಿದ್ದಾನೆ. ತಪ್ಪು ಹೊರಬೇಕಾದವರು ಎಸ್‌ಎಂಬಿ 2 ಬಂದು ಹತ್ತು ವರ್ಷವಾದ ಮೇಲೂ ಮೊದಲನೆಯದನ್ನು ಬಿಟ್ಟು ಬೇರೇನೂ ಬಾರದ ಮಷೀನುಗಳನ್ನು ಮಾರಿದ ತಯಾರಕರು. ಅಂಥ ವಸ್ತುಗಳ ಉದ್ದನೆಯ ಪಟ್ಟಿಯನ್ನೇ ನೆಡ್ ಪೈಲ್ ಹೆಸರು ಹಿಡಿದು ಪ್ರಕಟಿಸುತ್ತ ಹೋದರು. ಅದರಲ್ಲಿ ಝೆರಾಕ್ಸ್ ಮಷೀನು, ಪ್ರಿಂಟರ್, ಎನ್‌ಎಎಸ್ ಎಲ್ಲವೂ ಇದ್ದವು. ಭದ್ರತೆಗೆ ಹೆಸರಾದ ದೊಡ್ಡ ಕಂಪನಿಗಳ ವಸ್ತುಗಳೂ ಇದ್ದವು ಎಂಬುದು ಬೇರೆ ಮಾತು.

ಇನ್ನೊಂದು ಜಾತಿಯ ಯಂತ್ರಗಳಿವೆ, ಅವುಗಳ ವಿಷಯದಲ್ಲಿ ಯಾರನ್ನೂ ಬೈಯಲಾಗುವುದಿಲ್ಲ. ಪ್ರಿಂಟಿಂಗ್ ಪ್ರೆಸ್ಸಿನ ಪ್ಲೇಟ್ ಮಷೀನು, ವರ್ಕ್‌ಶಾಪಿನ ಸಿಎನ್‌ಸಿ ಲೇತು, ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರ. ಯಂತ್ರದ ಆಯುಷ್ಯ ಇಪ್ಪತ್ತು ವರ್ಷ, ಅದನ್ನು ನಡೆಸುವ ವಿಂಡೋಸಿನದು ಹತ್ತು. ವಿಂಡೋಸ್ ಹಳೆಯದಾಯಿತೆಂದು ಲಕ್ಷಗಟ್ಟಲೆ ಬೆಲೆಯ ಯಂತ್ರವನ್ನು ಗುಜರಿಗೆ ಹಾಕಿ ಎಂದು ಹೇಳುವವರು ಸಾಲದ ಕಂತು ಕಟ್ಟಿದವರಲ್ಲ. ದೊಡ್ಡವರಿಗೂ ಇದರಿಂದ ತಪ್ಪಿಸಿಕೊಳ್ಳಲಾಗಿಲ್ಲ. 2018ರ ಆಗಸ್ಟ್‌ನಲ್ಲಿ, ಪ್ಯಾಚ್ ಬಂದು ಒಂದೂವರೆ ವರ್ಷದ ಹತ್ತಿರ ಆಗಿದ್ದಾಗ, ತೈವಾನಿನ ಚಿಪ್ ದೈತ್ಯ ಟಿಎಸ್‌ಎಂಸಿಯ ಕಾರ್ಖಾನೆಗಳು ವನ್ನಾಕ್ರೈನ ಒಂದು ತಳಿಯಿಂದಲೇ ನಿಂತವು. ಹೊಸ ಯಂತ್ರವೊಂದಕ್ಕೆ ತಂತ್ರಾಂಶ ಹಾಕುವಾಗ ವೈರಸ್ ತಪಾಸಣೆ ಮಾಡದೆ ಅದನ್ನು ನೆಟ್‌ವರ್ಕಿಗೆ ಜೋಡಿಸಿದ್ದರು.

ಇಂಥ ಯಂತ್ರಗಳಿಗೆ ಮಾಡಬಹುದಾದದ್ದು ಬೇರ್ಪಡಿಸುವುದು. ಆಫೀಸಿನ ಉಳಿದ ಕಂಪ್ಯೂಟರ್‌ಗಳಿರುವ ನೆಟ್‌ವರ್ಕಿನಲ್ಲಿ ಅವು ಇರಬಾರದು. ಸ್ವಿಚ್ಚಿನಲ್ಲೇ ಅವಕ್ಕೊಂದು ಪ್ರತ್ಯೇಕ ನೆಟ್‌ವರ್ಕ್, ಅಂದರೆ ವಿಎಲ್‌ಎಎನ್ ಮಾಡಿ, ಅದಕ್ಕೆ ಬೇಕಾದ ಒಂದು ಕಂಪ್ಯೂಟರಿಗೆ ಮಾತ್ರ ದಾರಿ ಬಿಟ್ಟರೆ ಸೋಂಕು ತಗಲಿದರೂ ಅಲ್ಲಿಗೇ ನಿಲ್ಲುತ್ತದೆ. ಎಸ್‌ಎಂಬಿ ಓಡಾಡುವ 445ನೇ ಪೋರ್ಟನ್ನು ಇಂಟರ್ನೆಟ್ಟಿನ ಕಡೆಗೆ ಮುಚ್ಚಿರಬೇಕು. ಆಸ್ಪತ್ರೆಗಳು ಇದೊಂದನ್ನು ನೋಡಿಕೊಂಡಿದ್ದರೂ ಬಚಾವಾಗುತ್ತಿದ್ದವೆಂದು ಬ್ರಿಟನ್ನಿನ ಆ ವರದಿಯೇ ಹೇಳಿತ್ತು.

ಸಣ್ಣ ಕಚೇರಿಗಳಲ್ಲಿ ಇದರ ಜೊತೆಗೇ ಇರುವ ಇನ್ನೊಂದು ಅಭ್ಯಾಸ ‘ಎವ್ರಿಒನ್, ಫುಲ್ ಕಂಟ್ರೋಲ್’. ಟ್ಯಾಲಿ ಡೇಟಾ ಇರುವ ಫೋಲ್ಡರನ್ನು ಎಲ್ಲರಿಗೂ ಎಲ್ಲ ಅಧಿಕಾರದೊಂದಿಗೆ ಶೇರ್ ಮಾಡಿ, ಪಾಸ್‌ವರ್ಡ್ ಕೇಳುವುದನ್ನೂ ತೆಗೆದುಬಿಟ್ಟಿರುತ್ತಾರೆ. ರ‍್ಯಾನ್ಸಮ್‌ವೇರ್‌ಗೆ ಆಗ ತೂತು ಹುಡುಕುವ ಶ್ರಮವೂ ಇಲ್ಲ. ರಿಸೆಪ್ಷನ್ನಿನ ಕಂಪ್ಯೂಟರಿನಿಂದಲೇ ಐದು ವರ್ಷದ ಲೆಕ್ಕಕ್ಕೆ ಬೀಗ ಹಾಕಬಹುದು. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿ, ಸಂದೇಶ ತಿದ್ದಿಲ್ಲವೆಂದು ತೋರಿಸುವ ಸಹಿಯನ್ನು ಕಡ್ಡಾಯ ಮಾಡಿ, ಪಾಸ್‌ವರ್ಡಿಲ್ಲದ ಗೆಸ್ಟ್ ಪ್ರವೇಶವನ್ನು ಪ್ರೊ ಆವೃತ್ತಿಯಲ್ಲೂ ತಡೆದಾಗ ಎಷ್ಟೋ ಕಡೆ ಹಳೆಯ ಎನ್‌ಎಎಸ್‌ಗಳು ತೆರೆಯದೇ ಹೋದವು. ಅಪ್‌ಡೇಟ್ ಎಲ್ಲ ಕೆಡಿಸಿತು ಎಂದು ಜನ ಬೈದರು. ಎನ್‌ಎಎಸ್‌ನಲ್ಲಿ ಒಂದು ಯೂಸರ್, ಒಂದು ಪಾಸ್‌ವರ್ಡ್ ಮಾಡಿದ್ದರೆ ಅನೇಕ ಕಡೆ ಅಷ್ಟಕ್ಕೇ ಸರಿಹೋಗುತ್ತಿತ್ತು.

ಎಸ್‌ಎಂಬಿ 1 ತೆಗೆದರೆ ಯಾವುದು ನಿಲ್ಲುತ್ತದೋ ಎಂಬ ಭಯವಿದ್ದರೆ ಮೊದಲು ಪತ್ತೆ ಮಾಡಿಕೊಳ್ಳಬಹುದು. ವಿಂಡೋಸ್ ಸರ್ವರ್‌ನಲ್ಲಿ ಇದಕ್ಕೊಂದು ಆಡಿಟ್ ಸೌಲಭ್ಯವಿದೆ. ಆನ್ ಮಾಡಿಟ್ಟರೆ ಎಸ್‌ಎಂಬಿ 1ರಲ್ಲಿ ಬಂದವರ ವಿಳಾಸ 3000 ಎಂಬ ಸಂಖ್ಯೆಯ ನಮೂದಿನಲ್ಲಿ ದಾಖಲಾಗುತ್ತದೆ. ಒಂದು ತಿಂಗಳು ಬಿಟ್ಟು ನೋಡಿ. ತಿಂಗಳ ಕೊನೆಯ ಸಂಬಳದ ಪಟ್ಟಿ, ಜಿಎಸ್‌ಟಿ ಕೆಲಸ ಎಲ್ಲ ಅದರೊಳಗೆ ಒಮ್ಮೆ ಬಂದುಹೋಗಿರುತ್ತವೆ. ಸಿಕ್ಕಿಬೀಳುವುದು ಸಾಮಾನ್ಯವಾಗಿ ಒಂದೋ ಎರಡೋ ಮಷೀನು.

ಝೆರಾಕ್ಸ್ ಮಷೀನು ಹಾಗೆ ಸಿಕ್ಕಿಬಿದ್ದರೆ ಬದಲಿ ದಾರಿಗಳಿವೆ. ಸ್ಕ್ಯಾನನ್ನು ಈಮೇಲಿಗೆ ಕಳಿಸಬಹುದು, ಪೆನ್‌ಡ್ರೈವಿಗೆ ಹಾಕಿಕೊಳ್ಳಬಹುದು. ಕೆಲವರು ಸ್ಕ್ಯಾನ್ ಟು ಎಫ್‌ಟಿಪಿಗೆ ಬದಲಾಯಿಸುತ್ತಾರೆ. ಎಫ್‌ಟಿಪಿ ಇನ್ನೂ ಹಿರಿಯಜ್ಜ. ಅಲಹಾಬಾದಿನಲ್ಲಿ ಹುಟ್ಟಿ, ಕಾನ್ಪುರ ಐಐಟಿಯ ಮೊದಲ ತಂಡದಲ್ಲಿ ಓದಿದ ಅಭಯ್ ಭೂಷಣ್ 1971ರ ಏಪ್ರಿಲ್‌ನಲ್ಲಿ ಎಂಐಟಿಯಲ್ಲಿದ್ದಾಗ ಬರೆದದ್ದು. ನಮ್ಮವರೊಬ್ಬರ ಕೈಕೆಲಸವೆಂದು ಹೆಮ್ಮೆ ಪಡೋಣ, ಆದರೆ ಅದರಲ್ಲಿ ಪಾಸ್‌ವರ್ಡ್ ಕೂಡ ಬಿಚ್ಚಿಟ್ಟಂತೆಯೇ ಸಾಗುತ್ತದೆ. ಕ್ರೋಮ್, ಫೈರ್‌ಫಾಕ್ಸ್ ಎರಡೂ 2021ರಲ್ಲಿ ಅದನ್ನು ತೆಗೆದುಹಾಕಿದವು. ಎಸ್‌ಎಂಬಿ 1 ಬಿಟ್ಟು ಅಲ್ಲಿಗೆ ಹೋಗುವುದರಲ್ಲಿ ಅರ್ಥವಿಲ್ಲ.

ಹೊಸ ಮಷೀನು ಕೊಳ್ಳುವಾಗ ಬ್ರೋಷರಿನಲ್ಲಿ ನಿಮಿಷಕ್ಕೆ ಎಷ್ಟು ಪುಟ, ಟೋನರ್ ಎಷ್ಟು ಬಾಳಿಕೆ ಎಂಬುದೆಲ್ಲ ದಪ್ಪ ಅಕ್ಷರದಲ್ಲಿರುತ್ತದೆ. ಎಸ್‌ಎಂಬಿ ಯಾವ ಆವೃತ್ತಿ ಎಂಬುದು ಹುಡುಕಿದರೂ ಸಿಗುವುದಿಲ್ಲ. ಕೊಟೇಶನ್ನಿನಲ್ಲಿ ಬರೆಸಿಕೊಳ್ಳಿ, ಶಾಲೆ, ಸೊಸೈಟಿ, ಪಂಚಾಯಿತಿಗಳ ಟೆಂಡರಿನಲ್ಲೂ ‘ಎಸ್‌ಎಂಬಿ 3 ಇರತಕ್ಕದ್ದು’ ಎಂದು ಒಂದು ಸಾಲು ಸೇರಿಸಲು ಖರ್ಚಿಲ್ಲ. ಸೆಕೆಂಡ್ ಹ್ಯಾಂಡ್ ಮಷೀನಾದರೆ ಆ ಮಾದರಿಗೆ ಫರ್ಮ್‌ವೇರ್ ಅಪ್‌ಡೇಟ್ ಇದೆಯೇ ಎಂದು ದುಡ್ಡು ಕೊಡುವ ಮೊದಲೇ ತಯಾರಕರ ಜಾಲತಾಣದಲ್ಲಿ ನೋಡಿ. ಕೆಲವು ಹಳೆಯ ಮಾದರಿಗಳಿಗೆ ಎಸ್‌ಎಂಬಿ 2 ಅಥವಾ 3 ಅದರಿಂದಲೇ ಬರುತ್ತದೆ. ಸರ್ವಿಸ್ ಹುಡುಗನಿಗೆ ಟಿಕ್ ಹಾಕುವ ಬದಲು ಅದನ್ನು ಹಾಕಿಕೊಡಲು ಹೇಳಿದರಾಯಿತು.